ಮೈಸೂರಲ್ಲೇ ಕೂತು ಅಮೆರಿಕದ ರಿಟರ್ನ್ ತುಂಬಿದ್ದು: ನನ್ನ ಅನುಭವ

2023ರ ಅಮೆರಿಕದ ತೆರಿಗೆ ರಿಟರ್ನನ್ನು ನಾನೇ ತುಂಬಿದೆ. ಕಟ್ಟಬೇಕಾದ್ದೆಲ್ಲ ಕಳೆದು ಸುಮಾರು 2,500 ಡಾಲರ್ ನನಗೇ ವಾಪಸ್ ಬಂತು. ಶಿವಮೊಗ್ಗದಲ್ಲಿ ಆಡಿಟರ್ ಆಗಿರುವ ನಮ್ಮ ಭಾವ ಮೊದಲೇ ಹೆದರಿಸಿದ್ದರು. "ಅದು ನಿನ್ನ ಕೈಲಾಗೋ ಕೆಲಸ ಅಲ್ಲಮ್ಮ, ದಂಡ ಬಿದ್ದರೆ ತೋಟ ಮಾರಬೇಕಾಗುತ್ತೆ" ಅಂದಿದ್ದರು. ಈಗ ಅವರೇ ತಮ್ಮ ಕ್ಲೈಂಟ್‌ಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ.

ಸಿಟಿಜನ್‌ಶಿಪ್ ಇಟ್ಟುಕೊಂಡು ಊರಿಗೆ ವಾಪಸಾದವರಿಗೆ 1040, ಎಫ್‌ಬಾರ್ ಅಂದರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ: 1040 ಅಂದರೆ ಅಮೆರಿಕದ ಪ್ರಜೆ ಬೇರೆ ದೇಶದಲ್ಲಿದ್ದರೂ ಒಪ್ಪಿಸಬೇಕಾದ ತೆರಿಗೆ ರಿಟರ್ನ್, ಎಫ್‌ಬಾರ್ ಅಂದರೆ ಅಮೆರಿಕದ ಹೊರಗಿನ ಖಾತೆಗಳ ವರದಿ. ನನ್ನ ಲೆಕ್ಕ ಅರ್ಥವಾಗಲು ಇಷ್ಟು ಸಾಕು. ನಾನು ಅಮೆರಿಕದ ಪ್ರಜೆ, ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಮೇಲೆ ಇಲ್ಲಿದ್ದೇನೆ. ನಮ್ಮವರು ಗ್ರೀನ್ ಕಾರ್ಡ್ ಒಪ್ಪಿಸಿ ಬಂದವರು. ಮಕ್ಕಳಿಬ್ಬರೂ ಅಲ್ಲೇ ಹುಟ್ಟಿದವರು. ನಾವಿದ್ದದ್ದು ಟೆಕ್ಸಾಸ್‌ನಲ್ಲಿ, ಹಾಗಾಗಿ ರಾಜ್ಯದ ರಿಟರ್ನಿನ ಕಾಟ ಇರಲಿಲ್ಲ. ಈಗ ಮೈಸೂರಿನ ಕಂಪನಿಯಲ್ಲಿ ನನಗೆ 40 ಲಕ್ಷದ ಹತ್ತಿರ ಸಂಬಳ. ತೀರ್ಥಹಳ್ಳಿ ಕಡೆ ಅಪ್ಪನಿಂದ ಬಂದ ಎರಡು ಎಕರೆ ಅಡಿಕೆ ತೋಟವೂ ಇದೆ.

ಮೊದಲ ಕೆಲವು ವರ್ಷ ಅಮೆರಿಕದ ಒಂದು ತೆರಿಗೆ ಆಫೀಸಿಗೆ ವರ್ಷಕ್ಕೆ 1,400 ಡಾಲರ್ ಕೊಟ್ಟೆ. ಮ್ಯೂಚುವಲ್ ಫಂಡಿಗೆ ಬೇಕಾದ ಫಾರ್ಮ್ 8621ಕ್ಕೆ ಒಂದೊಂದಕ್ಕೂ 200 ಡಾಲರ್ ಬೇರೆ. ಅವರು ಕಣ್ಣುಮುಚ್ಚಿ ಫಾರ್ಮ್ 2555 ಹಾಕುತ್ತಿದ್ದರು. ಅದರಲ್ಲಿ ವಿದೇಶದಲ್ಲಿ ದುಡಿದದ್ದು ಒಂದು ಮಿತಿ ತನಕ (2023ರಲ್ಲಿ 1,20,000 ಡಾಲರ್) ಲೆಕ್ಕಕ್ಕೇ ಬರಲ್ಲ, ತೆರಿಗೆ ಸೊನ್ನೆ. ನೋಡಲು ಚೆನ್ನಾಗಿದೆ ಅಲ್ವಾ? ಆದರೆ 2555 ಹಾಕಿದವರಿಗೆ ಮಕ್ಕಳ ಕ್ರೆಡಿಟ್‌ನಲ್ಲಿ (ಮಕ್ಕಳಿರುವವರಿಗೆ ತೆರಿಗೆಯಲ್ಲಿ ಸಿಗುವ ರಿಯಾಯಿತಿ) ಕೈಗೆ ವಾಪಸ್ ಬರುವ ಭಾಗ ಸಿಗುವುದಿಲ್ಲ. 2023ರಲ್ಲಿ ಅದು ಒಂದು ಮಗುವಿಗೆ 1,600 ಡಾಲರ್ ತನಕ. ಇಬ್ಬರಿಗೆ 3,200. ಇದನ್ನು ಒಂದು ವರ್ಷವೂ ಅವರು ಬಾಯಿಬಿಟ್ಟು ಹೇಳಲಿಲ್ಲ.

ನಾನು 2555 ಬಿಟ್ಟು 1116 ಹಿಡಿದೆ. ಭಾರತದಲ್ಲಿ ಕಟ್ಟಿದ ತೆರಿಗೆಯನ್ನೇ ಅಲ್ಲಿ ಕ್ರೆಡಿಟ್ ಆಗಿ ತೋರಿಸುವುದು. ನನ್ನ ಸಂಬಳಕ್ಕೆ ಇಲ್ಲಿ ಹೋಗುವ ತೆರಿಗೆ ಅಲ್ಲಿಯದರ ಮೂರು ಪಟ್ಟಿಗೂ ಜಾಸ್ತಿ. ಆದ್ದರಿಂದ ಸಂಬಳದ ಮೇಲಿನ ತೆರಿಗೆ ಹೀಗೂ ಸೊನ್ನೆಯೇ. ಮಿಕ್ಕ ಕ್ರೆಡಿಟ್ ಮುಂದಿನ ಹತ್ತು ವರ್ಷದ ತನಕ ಕೊಂಡೊಯ್ಯಬಹುದು. ಒಂದು ಎಚ್ಚರಿಕೆ: 2555 ಬಿಡುತ್ತೇನೆ ಅಂತ ಬರೆದುಕೊಟ್ಟ ಮೇಲೆ, ಐಆರ್‌ಎಸ್ (ಅಲ್ಲಿನ ತೆರಿಗೆ ಇಲಾಖೆ) ಒಪ್ಪಿಗೆ ಇಲ್ಲದೆ ಐದು ವರ್ಷ ಮತ್ತೆ ಅದನ್ನು ಹಿಡಿಯುವ ಹಾಗಿಲ್ಲ. ತೆರಿಗೆ ಕಮ್ಮಿ ಇರುವ ದುಬೈಗೋ ಸಿಂಗಪುರಕ್ಕೋ ಹೋಗುವ ಯೋಚನೆ ಇದ್ದವರು ಮೊದಲೇ ಲೆಕ್ಕ ಹಾಕಿ.

ಇನ್ನೊಂದು ದೊಡ್ಡ ಲಾಭ ಸಿಕ್ಕಿದ್ದು ಫೈಲಿಂಗ್ ಸ್ಟೇಟಸ್‌ನಲ್ಲಿ, ಅಂದರೆ ಯಾವ ವರ್ಗದಲ್ಲಿ ರಿಟರ್ನ್ ತುಂಬುತ್ತೇವೆ ಅನ್ನುವುದರಲ್ಲಿ. ಗಂಡ ನಾನ್‌ರೆಸಿಡೆಂಟ್ ಏಲಿಯನ್ (ಅಮೆರಿಕದ ಪ್ರಜೆಯೂ ಅಲ್ಲ, ನಿವಾಸಿಯೂ ಅಲ್ಲ) ಆಗಿದ್ದು, ಮಕ್ಕಳು ನಮ್ಮ ಜೊತೆಗಿದ್ದು, ಮನೆ ಖರ್ಚಿನ ಅರ್ಧಕ್ಕಿಂತ ಜಾಸ್ತಿ ರಿಟರ್ನ್ ತುಂಬುವವರೇ ಹಾಕುತ್ತಿದ್ದರೆ ಹೆಡ್ ಆಫ್ ಹೌಸ್‌ಹೋಲ್ಡ್ (ಮನೆ ನಡೆಸುವವರು) ಅಂತ ತುಂಬಬಹುದು. 2023ರಲ್ಲಿ ಅದರ ಸ್ಟಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆ ಇಲ್ಲದೆ ಬಿಡುವ ಮೊತ್ತ) 20,800 ಡಾಲರ್. ಬೇರೆಬೇರೆ ತುಂಬುವ ದಂಪತಿಗೆ ಸಿಗುತ್ತಿದ್ದದ್ದು ತಲಾ 13,850 ಮಾತ್ರ.

ನಿಜವಾದ ಕೆಲಸ ಇರುವುದು ವರ್ಷ ಹೊಂದಿಸುವುದರಲ್ಲಿ. ಇಲ್ಲಿ ಏಪ್ರಿಲ್‌ನಿಂದ ಮಾರ್ಚ್, ಅಲ್ಲಿ ಜನವರಿಯಿಂದ ಡಿಸೆಂಬರ್. ಕಂಪನಿ ಕೊಡುವ ಫಾರ್ಮ್ 16 ಇದಕ್ಕೆ ಪ್ರಯೋಜನಕ್ಕೆ ಬರಲಿಲ್ಲ. ಹನ್ನೆರಡು ಸ್ಯಾಲರಿ ಸ್ಲಿಪ್ ಸಾಲಾಗಿ ಇಟ್ಟುಕೊಂಡು, ತಿಂಗಳಿಗೊಂದು ಸಾಲಿನಂತೆ ಎಕ್ಸೆಲ್‌ನಲ್ಲಿ ಹಾಕಿದೆ. ಪಕ್ಕದಲ್ಲಿ 26ಎಎಸ್‌ನಿಂದ (ಇಲ್ಲಿನ ಇಲಾಖೆಯ ತೆರಿಗೆ ಪಟ್ಟಿ) ಟಿಡಿಎಸ್, ಅದರ ದಿನಾಂಕ. ಜುಲೈನಲ್ಲಿ ಕಟ್ಟಿದ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆಗೆ ಬೇರೆ ಬಣ್ಣ, ಯಾಕೆಂದರೆ ಅದು ಹಿಂದಿನ ಆರ್ಥಿಕ ವರ್ಷದ್ದು, ಆದರೆ ಕಟ್ಟಿದ್ದು ಈ ವರ್ಷ. ನಾನು ಕಟ್ಟಿದ ದಿನದ ಲೆಕ್ಕವನ್ನೇ ಹಿಡಿದಿದ್ದೇನೆ. ಕೇಳಿದರೆ ತೋರಿಸಲು ಚಲನ್ ಇರುತ್ತದೆ. ಡಾಲರಿಗೆ ಬದಲಿಸಲು ಐಆರ್‌ಎಸ್ ಕೊಡುವ ವಾರ್ಷಿಕ ಸರಾಸರಿ ದರ ಹಾಕಿದೆ, ಆ ವರ್ಷ 82 ರೂಪಾಯಿ ಚಿಲ್ಲರೆ. ಹಾಳೆ ಒಮ್ಮೆ ಕೂತರೆ ಮುಂದಿನ ವರ್ಷ ಅಂಕಿ ಬದಲಿಸಿದರೆ ಮುಗೀತು.

ಮ್ಯೂಚುವಲ್ ಫಂಡ್ ಮಾತ್ರ ಹಣ್ಣುಗಾಯಿ ಮಾಡಿತು. ನಮ್ಮ ಊರಿನ ಫಂಡ್‌ಗಳೆಲ್ಲ ಅಮೆರಿಕದ ಕಣ್ಣಲ್ಲಿ ಪಿಫಿಕ್, ಅಂದರೆ ಕಠಿಣ ತೆರಿಗೆ ಬೀಳುವ ವಿದೇಶಿ ಹೂಡಿಕೆ. ಸುಮ್ನೆ ಬಿಟ್ಟರೆ, ಮಾರಿದಾಗ ಬಂದ ಲಾಭವನ್ನು ಇಟ್ಟುಕೊಂಡ ಅಷ್ಟೂ ವರ್ಷಗಳಿಗೆ ಹಂಚಿ, ಹಿಂದಿನ ವರ್ಷಗಳ ಪಾಲಿಗೆ ಗರಿಷ್ಠ ದರ ಹಾಕಿ, ಮೇಲೆ ಬಡ್ಡಿಯನ್ನೂ ಹಾಕುತ್ತಾರೆ. ಒಂದು ಇಎಲ್ಎಸ್ಎಸ್ (ತೆರಿಗೆ ಉಳಿಸುವ) ಫಂಡಿನ ಮೇಲೆ ಮಾರ್ಕ್-ಟು-ಮಾರ್ಕೆಟ್ ಲೆಕ್ಕ ಮಾಡಿ ನೋಡಿದೆ. ಮಾರದಿದ್ದರೂ ವರ್ಷಾವರ್ಷ ಏರಿದ್ದಕ್ಕೆ ತೆರಿಗೆ, ಅದೂ ಸಂಬಳದ ದರದಲ್ಲಿ. ಕ್ರೆಡಿಟ್ ತೋರಿಸೋಣ ಅಂದರೆ ಇಲ್ಲಿ ಆ ವರ್ಷ ತೆರಿಗೆಯೇ ಕಟ್ಟಿರುವುದಿಲ್ಲ. ಅದೂ ಬೇಡ ಅನ್ನಿಸಿತು. 2022ರಲ್ಲಿ ಎಲ್ಲ ಮಾರಿದೆ. ಲಾಭದಲ್ಲಿ ಒಳ್ಳೆ ಪಾಲು ಕೈಬಿಟ್ಟಿತು. ಉಳಿದ ಹಣವನ್ನು 2023ರಲ್ಲಿ ನಮ್ಮವರಿಗೆ ಗಿಫ್ಟ್ ಕೊಟ್ಟೆ. ಸಿಟಿಜನ್ ಅಲ್ಲದ ಸಂಗಾತಿಗೆ ಆ ವರ್ಷ 1,75,000 ಡಾಲರ್ ತನಕ ಗಿಫ್ಟ್ ತೆರಿಗೆ ಇಲ್ಲ, ನಾನು ಕೊಟ್ಟದ್ದು ಅದರ ಹತ್ತಿರಕ್ಕೂ ಬರಲ್ಲ. ಈಗ ಫಂಡ್ ಎಲ್ಲ ಅವರ ಹೆಸರಲ್ಲಿ, ಅಮೆರಿಕದ ಲೆಕ್ಕಕ್ಕೆ ಸೇರುವುದಿಲ್ಲ. ಭಾರತದಲ್ಲಿ ಕ್ಲಬ್ಬಿಂಗ್ ನಿಯಮದಿಂದ ಅದರ ಆದಾಯ ನನ್ನ ರಿಟರ್ನಿಗೇ ಬರುತ್ತದೆ. ಬರಲಿ, ಇಲ್ಲಿನ ತೆರಿಗೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ.

ಇನ್ನು ತೋಟ. ಇದರ ಬಗ್ಗೆ ಯಾವ ಆಫೀಸಿನವರಿಗೂ ಗೊತ್ತಿರಲಿಲ್ಲ. "ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ" ಅಂತ ಭಾವ ಕೂಡ ಅಂದಿದ್ದರು. ಇಲ್ಲಿ ಇಲ್ಲ, ಅಲ್ಲಿ ಇದೆ. ಇಲ್ಲಿ ಕಟ್ಟಿಲ್ಲದ್ದರಿಂದ ಅದಕ್ಕೆ ಕ್ರೆಡಿಟ್ಟೂ ಇಲ್ಲ. ಸೊಸೈಟಿಯ ಪಟ್ಟಿಗಳನ್ನೆಲ್ಲ ಜೋಡಿಸಿದೆ. ರಾಶಿ ಇಡಿ ಅಡಿಕೆ ಆ ವರ್ಷ ಕ್ವಿಂಟಾಲಿಗೆ 50 ಸಾವಿರದ ಆಸುಪಾಸು ಇತ್ತು. ಶೆಡ್ಯೂಲ್ ಎಫ್‌ನಲ್ಲಿ (ಅಲ್ಲಿನ ಕೃಷಿ ಆದಾಯದ ಫಾರ್ಮ್) ಖರ್ಚು ಬರೆಯಬೇಕು: ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಎರಡು ಸಲ ಬೋರ್ಡೋ ಹೊಡೆಸಿದ್ದು, ಕೊನೆ ತೆಗೆಸಿದ ಕೂಲಿ, ಸುಲಿಸಿದ್ದು, ಬೇಯಿಸಿದ್ದು, ಗೊಬ್ಬರ. ಸುಲಿಯುವವರಿಗೆ ಕೊಟ್ಟ ದುಡ್ಡಿಗೆ ರಸೀತಿ ಎಲ್ಲಿಂದ ತರುವುದು? ಅಮ್ಮ ಬರೆದಿಟ್ಟ ನೋಟ್‌ಬುಕ್ಕೇ ದಾಖಲೆ. ಹೆಸರು, ದಿನ, ಎಷ್ಟು ಡಬ್ಬ ಸುಲಿದರು, ಎಷ್ಟು ಕೊಟ್ಟದ್ದು, ಎಲ್ಲ ಅಚ್ಚುಕಟ್ಟಾಗಿ ಇತ್ತು. ಪುಟಪುಟವೂ ಫೋಟೋ ತೆಗೆದಿಟ್ಟಿದ್ದೇನೆ.

ನಿವ್ವಳ 4 ಲಕ್ಷ ಉಳಿಯಿತು, ಅಂದರೆ 4,800 ಡಾಲರ್. ಭಾರತಕ್ಕೂ ಅಮೆರಿಕಕ್ಕೂ ಸೋಶಿಯಲ್ ಸೆಕ್ಯುರಿಟಿ ಒಪ್ಪಂದ ಇಲ್ಲ. ಹಾಗಾಗಿ ಸ್ವಂತ ದುಡಿಮೆಗೆ ಸೆಲ್ಫ್ ಎಂಪ್ಲಾಯ್ಮೆಂಟ್ ತೆರಿಗೆ ಬೀಳುತ್ತದೆ, ಸುಮಾರು 680 ಡಾಲರ್. ಇದನ್ನು 2555 ಕೂಡ ಇಳಿಸುವುದಿಲ್ಲ, 1116 ಕೂಡ ಇಳಿಸುವುದಿಲ್ಲ. ತೋಟವನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡು ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಸೋಶಿಯಲ್ ಸೆಕ್ಯುರಿಟಿ ಪೆನ್ಷನ್ನಿಗೆ ಬೇಕಾದ 40 ಕ್ರೆಡಿಟ್‌ನಲ್ಲಿ (ಇವು ತೆರಿಗೆಯ ಕ್ರೆಡಿಟ್ ಅಲ್ಲ, ದುಡಿಮೆಗೆ ಸಿಗುವ ಅಂಕಗಳು) ನನಗೆ ಇನ್ನೂ ಕೆಲವು ಕಮ್ಮಿ ಇವೆ. 2023ರಲ್ಲಿ 1,640 ಡಾಲರ್ ದುಡಿಮೆಗೆ ಒಂದು ಕ್ರೆಡಿಟ್. ಅಡಿಕೆ ತೋಟದಿಂದ ಅಮೆರಿಕದ ಪೆನ್ಷನ್ ಹತ್ತಿರವಾಗುತ್ತದೆ ಅಂದರೆ 680 ಡಾಲರ್ ನನಗೆ ಜಾಸ್ತಿ ಅನ್ನಿಸಲಿಲ್ಲ. ಈ ತೆರಿಗೆ ಲೆಕ್ಕ ಹಾಕುವ ಶೆಡ್ಯೂಲ್ ಎಸ್ಇಯ ಎರಡನೇ ಭಾಗದಲ್ಲಿ ರೈತರಿಗೆ ಅಂತಲೇ ಒಂದು ದಾರಿ ಇದೆ. ಅದನ್ನು ಮುಂದೆ ಹೇಗೆ ಬಳಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಪಿಪಿಎಫ್ ಬಡ್ಡಿಯೂ ಹೀಗೇ, ಇಲ್ಲಿ ಮಾಫಿ, ಅಲ್ಲಿ ಆದಾಯ. ಅದರ ಮೇಲೂ ತೋಟದ ಮೇಲೂ ಉಳಿಯುವ ಚಿಲ್ಲರೆ ಆದಾಯ ತೆರಿಗೆಯನ್ನು ಮಕ್ಕಳ ಕ್ರೆಡಿಟ್‌ನಲ್ಲಿ ಕೈಗೆ ಬಾರದ ಭಾಗವೇ ನುಂಗುತ್ತದೆ. 3,200ರಲ್ಲಿ 680 ಕಳೆದರೆ ಮಿಕ್ಕಿದ್ದೇ ನನಗೆ ಬಂದ ಹಣ.

ಎಫ್‌ಬಾರ್‌ಗೆ ಜನ ಸುಮ್ನೆ ಹೆದರುತ್ತಾರೆ. ಅದು ಉಚಿತ, ಆನ್‌ಲೈನ್, ಒಂದು ಸಂಜೆಯ ಕೆಲಸ. ವರ್ಷದಲ್ಲಿ ಯಾವತ್ತಾದರೂ ಎಲ್ಲ ಖಾತೆ ಸೇರಿ 10,000 ಡಾಲರ್ ದಾಟಿದರೆ ಕೊಡಲೇಬೇಕು. ಅಮ್ಮನ ಜೊತೆ ನಿಮ್ಮ ಹೆಸರಿರುವ ಜಂಟಿ ಖಾತೆಯನ್ನೂ ಪೂರ್ತಿ ಮೊತ್ತಕ್ಕೆ ಸೇರಿಸಿ. ಉದ್ದೇಶವಿಲ್ಲದೆ ತಪ್ಪಿದವರಿಗೆ ದಂಡ ಖಾತೆಗೊಂದರಂತೆ ಅಲ್ಲ, ವರ್ಷದ ವರದಿಗೆ ಒಂದರಂತೆ ಅಂತ ಬಿಟ್ನರ್ ಕೇಸಿನಲ್ಲಿ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಲಾಕರಿನಲ್ಲಿರುವ ಅಜ್ಜಿಯ ಅವಲಕ್ಕಿ ಸರ ಎಫ್‌ಬಾರ್‌ಗೂ ಬೇಡ, 8938ಕ್ಕೂ (ರಿಟರ್ನಿನ ಜೊತೆ ಕೊಡುವ ವಿದೇಶಿ ಹಣಕಾಸು ಆಸ್ತಿಯ ಫಾರ್ಮ್) ಬೇಡ. ಇದನ್ನು ಕೇಳದ ಹೆಂಗಸರೇ ಇಲ್ಲ.

2022ರ ರಿಟರ್ನಿಗೆ 8621 ಇತ್ತು. ನನ್ನ ಸಾಫ್ಟ್‌ವೇರ್ ಅದನ್ನು ತೆಗೆದುಕೊಳ್ಳಲಿಲ್ಲ. ಪ್ರಿಂಟ್ ಹಾಕಿ, ಸಹಿ ಮಾಡಿ, ಸ್ಪೀಡ್ ಪೋಸ್ಟಲ್ಲಿ ಟೆಕ್ಸಾಸಿನ ಆಸ್ಟಿನ್‌ಗೆ ಕಳಿಸಿದೆ, ಎರಡು ಸಾವಿರ ರೂಪಾಯಿಯೊಳಗೆ ಆಯಿತು. ಅದು ಅಲ್ಲೇ ತಿಂಗಳುಗಟ್ಟಲೆ ಕೂತಿತ್ತು. 2023ರದ್ದನ್ನು ಇ-ಫೈಲ್ ಮಾಡಹೋದರೆ, ಹಿಂದಿನ ವರ್ಷದ ಎಜಿಐ (ರಿಟರ್ನಿನಲ್ಲಿ ತೋರಿಸಿದ ಆದಾಯದ ಅಂಕಿ) ಹೊಂದಲ್ಲ ಅಂತ ಮತ್ತೆ ಮತ್ತೆ ರಿಜೆಕ್ಟ್. ಹಿಂದಿನ ರಿಟರ್ನ್ ಇನ್ನೂ ಪ್ರೊಸೆಸ್ ಆಗಿಲ್ಲದಿದ್ದರೆ ಆ ಜಾಗದಲ್ಲಿ ಸೊನ್ನೆ ಹಾಕಬೇಕು. ಹಾಕಿದೆ, ಅವತ್ತೇ ಹೋಯಿತು. ನಮ್ಮಂಥ ಹೊರಗಿರುವವರಿಗೆ ಗಡುವು ತಾನಾಗಿ ಜೂನ್ 15ರ ತನಕ ಇದೆ. ಆದರೆ ಕಟ್ಟಬೇಕಾದ ಹಣಕ್ಕೆ ಬಡ್ಡಿ ಏಪ್ರಿಲ್ 15ರಿಂದಲೇ ಓಡುತ್ತದೆ. ರೀಫಂಡ್ ನೇರ ಬೀಳಲಿ ಅಂತ ಅಲ್ಲಿನ ಹಳೇ ಬ್ಯಾಂಕ್ ಖಾತೆ ಮುಚ್ಚದೆ ಇಟ್ಟಿದ್ದೇನೆ. ನೀವೂ ಮುಚ್ಚಬೇಡಿ.

ಮಗನಿಗೆ 17 ತುಂಬುವ ವರ್ಷದಿಂದ ಅವನ ಪಾಲಿನ ಈ ಹಣ ನಿಲ್ಲುತ್ತದೆ. ಮಗಳದು ಇನ್ನೂ ಕೆಲವು ವರ್ಷ ಬರುತ್ತದೆ, ಅಷ್ಟರಲ್ಲಿ ನನ್ನ 40 ಕ್ರೆಡಿಟ್ ತುಂಬಿರುತ್ತವೆ.