ಕ್ಯಾಂಪರ್ ಟ್ರೇಲರ್‌ನ ಚಾವಣಿಯನ್ನು ಎತ್ತುವ ವ್ಯವಸ್ಥೆ

ಮನೆಯಲ್ಲೇ ಕಟ್ಟಿಕೊಳ್ಳುವ, ಕಾರಿನ ಹಿಂದೆ ಎಳೆದೊಯ್ದು ಒಳಗೆ ತಂಗಬಹುದಾದ ಕ್ಯಾಂಪರ್ ಟ್ರೇಲರ್‌ನಲ್ಲಿ, ಮೇಲೇಳುವ ಚಾವಣಿಯ ತೂಕಕ್ಕಿಂತ ದೊಡ್ಡ ತೊಡಕೆಂದರೆ ಅದರ ನಾಲ್ಕು ಮೂಲೆಗಳನ್ನು ಸಮನಾಗಿ ಎತ್ತುವುದು. ಒಂದು ಮೂಲೆ ತುಸು ಹಿಂದುಳಿದರೂ, ಒಂದೇ ಬದಿ ಹಿಡಿದು ಎಳೆದ ಮೇಜಿನ ಖಾನೆಯಂತೆ, ಚಾವಣಿ ಹೊರುವ ಮೂಲೆಯ ಕಂಬಗಳು ಓರೆಯಾಗಿ ಸಿಕ್ಕಿಕೊಳ್ಳುತ್ತವೆ.

ಒಂದು ಬದಿಗೆ ಮಾತ್ರ ಕೀಲಿರುವ ಚಾವಣಿಗೆ ಗ್ಯಾಸ್ ಸ್ಟ್ರಟ್ (ಒತ್ತಿ ತುಂಬಿದ ಅನಿಲದ ಬಲದಿಂದ ಎತ್ತುವ ದಂಡ) ಸಾಕು, ಆದರೆ ಚಳಿಯಲ್ಲಿ ಅದರ ಬಲ ಕುಗ್ಗುತ್ತದೆ. ನಾಲ್ಕು ಎಲೆಕ್ಟ್ರಿಕ್ ಆಕ್ಚುವೇಟರ್‌ಗಳನ್ನು (ಮೋಟಾರಿನಿಂದ ಉದ್ದವಾಗುವ ದಂಡಗಳನ್ನು) ಹಾಕಿದರೆ, ಭಾರಕ್ಕೆ ತಕ್ಕಂತೆ ಅವುಗಳ ವೇಗ ಬದಲಾಗುವುದರಿಂದ, ಸ್ಥಾನ ಅಳೆಯುವ ಸೆನ್ಸರ್ ಮತ್ತು ಕಂಟ್ರೋಲರ್ ಬೇಕೇ ಬೇಕು. ಹಿಡಿ ತಿರುಗಿಸಿ ಹಗ್ಗ ಸುತ್ತುವ ಒಂದೇ ವಿಂಚ್‌ನಿಂದ ನಾಲ್ಕು ಉಕ್ಕಿನ ಹಗ್ಗಗಳನ್ನು ಎಳೆಯುವ ವಿಧಾನವೇ ಸ್ವಂತ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರತಿ ಮೂಲೆಯ ಕಂಬಕ್ಕೂ ಒಂದರೊಳಗೊಂದು ಜಾರುವ ಎರಡು ಚೌಕ ಪೈಪುಗಳು ಬೇಕು: ಹೊರಗಿನದು ಟ್ರೇಲರ್‌ಗೆ, ಒಳಗಿನದು ಚಾವಣಿಗೆ. ಹೊರಗಿನದು 50 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ್ದಾದರೆ ಒಳಗೆ 46 ಮಿ.ಮೀ. ಜಾಗ ಉಳಿಯುತ್ತದೆ, ಅದರಲ್ಲಿ 38 ಮಿ.ಮೀ. ಪೈಪನ್ನಿಟ್ಟು, ಸುತ್ತಲೂ 3.5 ಮಿ.ಮೀ. ನೈಲಾನ್ ಪಟ್ಟಿಗಳನ್ನು ಕೂರಿಸಿದರೆ ಜಾರಲು ಬೇಕಾದಷ್ಟು ಸಡಿಲ ದೊರೆಯುತ್ತದೆ. ಹೊರಪೈಪಿನ ಒಳಗಿರುವ ವೆಲ್ಡಿಂಗ್ ಉಬ್ಬನ್ನು ಮೊದಲೇ ಅರದಿಂದ ಉಜ್ಜಿ ತೆಗೆಯಿರಿ. ಚಾವಣಿ 700 ಮಿ.ಮೀ. ಏರಬೇಕಿದ್ದರೆ ಎರಡೂ ಪೈಪುಗಳು ಒಂದೊಂದು ಮೀಟರ್ ಉದ್ದವಿರಲಿ. ಪೂರ್ತಿ ಏರಿದಾಗಲೂ 300 ಮಿ.ಮೀ. ಒಳಗೇ ಉಳಿದು, ಗಾಳಿಯ ತಳ್ಳಾಟಕ್ಕೆ ಕಂಬ ಬಾಗದಂತೆ ತಡೆಯುತ್ತದೆ.

ಹಗ್ಗವು ನೆಲದಡಿಯಿಂದ ಬಂದು, ಕಂಬದ ಬುಡದ ರಾಟೆಯನ್ನು ಬಳಸಿ, ಹೊರಪೈಪಿನ ಹೊರಮೈಯಗುಂಟ ಮೇಲೇರಿ, ಅದರ ತುದಿಯ ರಾಟೆಯಿಂದ ಒಳಗಿಳಿದು, ಒಳಪೈಪಿನ ಬುಡಕ್ಕೆ ಬಿಗಿಯಬೇಕು. ಅದು ಇಳಿಯುವ ಜಾಗದಲ್ಲಿ ನೈಲಾನ್ ಪಟ್ಟಿಗೆ ತೆರಪು ಬಿಡಿ. ನಾಲ್ಕೂ ಹಗ್ಗಗಳ ಇನ್ನೊಂದು ತುದಿಯನ್ನು ನೆಲದಡಿ ನೇರವಾಗಿ ಜಾರುವ ಒಂದು ಗಟ್ಟಿ ಅಡ್ಡಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ವಿಂಚ್ ಎಳೆಯುವಂತೆ ಮಾಡಿ. ಪ್ರತಿ ಹಗ್ಗಕ್ಕೂ ಒಂದು ಟರ್ನ್‌ಬಕಲ್ (ತಿರುಗಿಸಿ ಹಗ್ಗವನ್ನು ಬಿಗಿ-ಸಡಿಲ ಮಾಡುವ ತಿರುಪು) ಇದ್ದರೆ ಮೂಲೆಗಳ ಎತ್ತರವನ್ನು ಸರಿಹೊಂದಿಸುವುದು ಸುಲಭ. ರಾಟೆಯ ವ್ಯಾಸ ಹಗ್ಗದ ವ್ಯಾಸದ 18–20 ಪಟ್ಟು ಇರಲಿ, ಅಂದರೆ 3 ಮಿ.ಮೀ. ಹಗ್ಗಕ್ಕೆ ಸುಮಾರು 60 ಮಿ.ಮೀ.; ಚಿಕ್ಕ ರಾಟೆಯಲ್ಲಿ ಉಕ್ಕಿನ ಎಳೆಗಳು ಬಾಗಿ ಬಾಗಿ ಬೇಗ ತುಂಡಾಗುತ್ತವೆ.

ನೂರು ಕಿಲೋ ಚಾವಣಿಯ ಪೂರ್ತಿ ಭಾರವೂ, ರಾಟೆಗಳ ಘರ್ಷಣೆಯೂ ವಿಂಚ್‌ನ ಮೇಲೇ ಬೀಳುವುದರಿಂದ, 300 ಕಿಲೋ ಸಾಮರ್ಥ್ಯದ, ಹಿಡಿ ಬಿಟ್ಟೊಡನೆ ತಾನೇ ನಿಲ್ಲುವ ಬ್ರೇಕ್ ಉಳ್ಳ ವಿಂಚನ್ನೇ ಆರಿಸಿ. ಆದರೂ ಹಗ್ಗವನ್ನು ನಂಬಿ ಯಾರೂ ಚಾವಣಿಯಡಿ ಹೋಗಬಾರದು. ಪೂರ್ತಿ ಏರಿದ ಮೇಲೆ ನಾಲ್ಕೂ ಕಂಬಗಳಲ್ಲಿ ಹೊರಪೈಪಿನ ಬಾಯಿಯ ಮೇಲೆ ಕೂರುವಂತೆ ಒಳಪೈಪಿಗೆ ಉಕ್ಕಿನ ಪಿನ್ ತೂರಿಸಿ, ಭಾರ ಪಿನ್ನುಗಳ ಮೇಲೆ ಇಳಿಯುವವರೆಗೆ ವಿಂಚನ್ನು ಸಡಿಲಿಸಿ, ಆನಂತರವೇ ಒಳಗೆ ಕಾಲಿಡಿ.