ಡಿಸೆಂಬರ್ ಪಿಕಪ್ಪೋ, ಜನವರಿ ಪಿಕಪ್ಪೋ: ನಾನು ಲೆಕ್ಕ ಹಾಕುವ ರೀತಿ

ವರ್ಷದ ಕೊನೆಗೆ ಶೋರೂಂನಲ್ಲಿ ಒಂದೇ ಪಿಕಪ್‌ಗೆ ಎರಡು ದರ ಹೇಳುತ್ತಾರೆ. ಯಾರ್ಡ್‌ನಲ್ಲಿ ನಿಂತಿರುವ 2025ರ ಗಾಡಿಯನ್ನು ಈ ತಿಂಗಳೇ ತಗೊಂಡರೆ ಇಷ್ಟು ಸಾವಿರ ಬಿಡುತ್ತೇವೆ, 2026ರದ್ದೇ ಬೇಕು ಅಂದರೆ ಕಾಯಿರಿ, ದರವೂ ಏರುತ್ತದೆ ಅನ್ನುತ್ತಾರೆ. ಕೋಲಾರದ ಕಡೆ ಟೊಮೆಟೊ, ತರಕಾರಿ ಸಾಗಿಸುವ 1.3ರಿಂದ 2 ಟನ್ನಿನ ಗಾಡಿಗಳನ್ನು ಕೊಳ್ಳುವಾಗ ನಾನು ಈ ಮಾತಿಗೆ ತಕ್ಷಣ ಉತ್ತರ ಕೊಡುವುದಿಲ್ಲ. ಈ ಗಾಡಿಯನ್ನು ಎಷ್ಟು ವರ್ಷಕ್ಕೆ ಮಾರುತ್ತೇನೆ ಎಂದು ಮನೆಯಲ್ಲೇ ತೀರ್ಮಾನಿಸಿ ಹೋಗಿರುತ್ತೇನೆ. ಮೂರು ವರ್ಷಕ್ಕೆ ಮಾರುವವನಿಗೆ ಸರಿಯಾದ ಉತ್ತರ, ಒಂಬತ್ತು ವರ್ಷ ಓಡಿಸುವವನಿಗೆ ತಪ್ಪು ಉತ್ತರವಾಗುತ್ತದೆ. ಲೆಕ್ಕ ಮುಂದೆ ಕೊಟ್ಟಿದ್ದೇನೆ.

ಮೊದಲ ಕೆಲಸ, ಗಾಡಿ ನಿಜವಾಗಿ ಯಾವಾಗ ತಯಾರಾದದ್ದು ಎಂದು ತಿಳಿಯುವುದು. ಅಡ್ವಾನ್ಸ್ ಕೊಡುವ ಮುಂಚೆ 17 ಅಕ್ಷರದ ಚಾಸಿಸ್ ನಂಬರ್ ಬರೆದುಕೊಳ್ಳಿ. ಮಹೀಂದ್ರ ಗಾಡಿಯದ್ದು ಎಂಎ1, ಟಾಟಾದ್ದು ಎಂಎಟಿ, ಅಶೋಕ್ ಲೇಲ್ಯಾಂಡ್‌ನದ್ದು ಎಂಬಿ1 ಎಂದು ಶುರುವಾಗುತ್ತದೆ. ಸಾಮಾನ್ಯವಾಗಿ 10ನೇ ಅಕ್ಷರ ವರ್ಷದ್ದು: ಪಿ ಎಂದರೆ 2023, ಆರ್ ಎಂದರೆ 2024, ಎಸ್ ಎಂದರೆ 2025, ಟಿ ಎಂದರೆ 2026. ನಡುವೆ ಕ್ಯೂ ಇಲ್ಲ. ಸೊನ್ನೆ ಮತ್ತು ಒಂದರ ಜೊತೆ ಗೊಂದಲ ಆಗುತ್ತದೆಂದು ಐ, ಓ, ಕ್ಯೂ ಮೂರನ್ನೂ ಚಾಸಿಸ್ ನಂಬರಿನಲ್ಲಿ ಬಳಸುವುದೇ ಇಲ್ಲ. ತಿಂಗಳಿಗೂ ಒಂದು ಅಕ್ಷರ ಇರುತ್ತದೆ. ಅದು ಎಷ್ಟನೆಯ ಜಾಗದಲ್ಲಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಊಹಿಸದೆ ಕೇಳಿ ತಿಳಿದುಕೊಳ್ಳಿ. ಹೇಳಿದ್ದನ್ನು ಫಾರಂ 21ರ ಜೊತೆ ತಾಳೆ ನೋಡಿ. ಈ ಸೇಲ್ ಸರ್ಟಿಫಿಕೇಟಿನಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷಕ್ಕೆ ಪ್ರತ್ಯೇಕ ಸಾಲೇ ಇದೆ. "ರಿಜಿಸ್ಟ್ರೇಷನ್ 2026ರದ್ದೇ ಆಗುತ್ತೆ ಸಾರ್" ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ. ಆಗಸ್ಟ್ 2025ರಲ್ಲಿ ತಯಾರಾದ ಗಾಡಿ ಜನವರಿಯಲ್ಲಿ ನೋಂದಣಿಯಾದರೂ ಆರ್‌ಸಿಯಲ್ಲಿ ತಯಾರಿಕೆ ಆಗಸ್ಟ್ 2025 ಎಂದೇ ಬರುತ್ತದೆ. ನಾಳೆ ಸೆಕೆಂಡ್ ಹ್ಯಾಂಡ್ ಕೊಳ್ಳುವವನು ಬೆರಳಿಟ್ಟು ತೋರಿಸುವುದು ಅದೇ ಸಾಲನ್ನು. ಕ್ಯಾಬಿನ್-ಚಾಸಿಸ್ ತಗೊಂಡು ಹೊರಗೆ ಬಾಡಿ ಕಟ್ಟಿಸುವವರು ಇದನ್ನು ಇನ್ನೂ ನೆನಪಿಡಬೇಕು. ಬಾಡಿ ಫೆಬ್ರವರಿಯಲ್ಲಿ ಮುಗಿದರೂ ವರ್ಷ ಮಾತ್ರ ಚಾಸಿಸ್ಸಿನದ್ದೇ.

ಹಳೇ ವರ್ಷದ ಗಾಡಿ ಎಂದಾಗ ತಯಾರಿಕೆಯ ತಿಂಗಳಿಗೆ ಇನ್ನೊಂದು ಬೆಲೆಯೂ ಇದೆ. ನವೆಂಬರ್ 2025ರ ಗಾಡಿ ಮತ್ತು ಮಾರ್ಚ್ 2025ರ ಗಾಡಿ ಎರಡೂ ಕಾಗದದ ಮೇಲೆ "2025". ಆದರೆ ಮಾರ್ಚ್‌ನದ್ದು ಒಂಬತ್ತು ತಿಂಗಳು ಬಿಸಿಲಿಗೂ ಮಳೆಗೂ ನಿಂತಿದೆ. ಒಂದೇ ರಿಯಾಯಿತಿಗೆ ಎರಡೂ ಇದ್ದರೆ ನವೆಂಬರ್‌ನದ್ದನ್ನೇ ಕೇಳಿ. ಯಾರ್ಡ್‌ನಲ್ಲಿರುವ ಎಲ್ಲ ಗಾಡಿಗಳ ಚಾಸಿಸ್ ನಂಬರ್ ಪಟ್ಟಿ ಅವರ ಬಳಿ ಇರುತ್ತದೆ, ಆರಿಸಿಕೊಳ್ಳುವ ಹಕ್ಕು ನಿಮ್ಮದು.

ನಿಂತ ಗಾಡಿಯನ್ನು ನಾನು ನೋಡುವ ಕ್ರಮ ಹೀಗಿದೆ. ಬೆಳಿಗ್ಗೆ, ಅದನ್ನು ಯಾರೂ ಸ್ಟಾರ್ಟ್ ಮಾಡುವ ಮುಂಚೆ ಹೋಗಬೇಕು. ಮೀಟರ್ ಹಚ್ಚಿ ಬ್ಯಾಟರಿ ನೋಡಿದರೆ 12.6 ವೋಲ್ಟ್ ಇದ್ದರೆ ತುಂಬಿದೆ, 12.4 ಇದ್ದರೆ ನಡೆಯುತ್ತದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ, ಮತ್ತು ಎಷ್ಟು ದಿನದಿಂದ ಹಾಗಿದೆಯೋ ತಿಳಿಯದು. ಹೀಗೆ ಅರ್ಧ ಖಾಲಿಯಾಗಿ ತಿಂಗಳುಗಟ್ಟಲೆ ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೆ ವೋಲ್ಟೇಜ್ ತೋರಿಸುತ್ತದೆಯೇ ಹೊರತು ತಾಕತ್ತು ಪೂರ್ತಿ ವಾಪಸ್ ಬರುವುದಿಲ್ಲ. ಹಾಗಾಗಿ ಮೀಟರ್ ತೆಗೆಯದೆ ಸೆಲ್ಫ್ ಹೊಡೆಸಿ. ಆ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಹೊಸ ಬ್ಯಾಟರಿ ಕೇಳಿ, ಡೆಲಿವರಿಗೆ ಮುಂಚೆಯೇ ಕೇಳಿ. ಹಿಂದಿನ ದಿನ ಚಾರ್ಜಿಗೆ ಹಾಕಿ ನಿಮಗೆ ತೋರಿಸಿದರೆ ಬರೀ ವೋಲ್ಟೇಜ್ ನೋಡಿ ಮೋಸಹೋಗುತ್ತೀರಿ, ಸೆಲ್ಫ್ ಪರೀಕ್ಷೆಯಲ್ಲಿ ಮಾತ್ರ ನಿಜ ಹೊರಬರುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3225 ಎಂದರೆ 2025ರ 32ನೇ ವಾರ. ಸ್ಟೆಪ್ನಿ ಸೇರಿ ಐದನ್ನೂ ಓದಿ. ಗಾಡಿಗಿಂತ ಟೈರು ಒಂದೆರಡು ತಿಂಗಳು ಹಳೆಯದಿರುವುದು ಸಹಜ. ಆದರೆ ಗಾಡಿ ತಯಾರಾದ ಮೇಲಿನ ವಾರದ ಅಂಕಿ ಒಂದು ಟೈರಿನಲ್ಲಿ ಮಾತ್ರ ಇದ್ದರೆ ಅದನ್ನು ಬದಲಿಸಿದ್ದಾರೆ ಎಂದರ್ಥ, ಏಕೆಂದು ಕೇಳಿ. ವರ್ಷಕ್ಕೆ 40,000 ಕಿಮೀ ಓಡಿಸುವವರಿಗೆ ಟೈರಿನ ವಯಸ್ಸು ಚಿಂತೆಯಲ್ಲ, ರಬ್ಬರ್ ಒಣಗುವ ಮುಂಚೆ ಸವೆದೇ ಹೋಗುತ್ತದೆ. ತೋಟದ ಕೆಲಸಕ್ಕೆಂದು ವರ್ಷಕ್ಕೆ 8,000 ಕಿಮೀ ಓಡಿಸುವವರು ಮಾತ್ರ ಇದನ್ನು ಗಂಭೀರವಾಗಿ ನೋಡಬೇಕು.

ಲೋಡ್ ಬಾಡಿಯ ನೆಲದಲ್ಲಿ ಮಳೆನೀರು ನಿಂತ ಗುರುತು, ಬೆಸುಗೆಯ ಅಂಚು, ಹಿಂದಿನ ಡೋರಿನ ಕೀಲು, ಇವುಗಳಲ್ಲಿ ತುಕ್ಕು ಹುಡುಕಿ. ಬಾನೆಟ್ ಎತ್ತಿ ಇಲಿ ಕಡಿದ ವೈರು, ಏರ್ ಫಿಲ್ಟರ್ ಡಬ್ಬಿಯೊಳಗೆ ಹುಲ್ಲು-ಚಿಂದಿ ಇದೆಯೇ ನೋಡಿ. ಈಗಿನ ಗಾಡಿಗಳಲ್ಲಿ ಸೆನ್ಸರ್ ವೈರುಗಳೇ ಹೆಚ್ಚು, ಒಂದು ಕಡಿದರೂ ಗಾಡಿ ಎಳೆಯುವುದನ್ನು ಬಿಡುತ್ತದೆ. ಡೀಸೆಲ್ ಫಿಲ್ಟರಿನ ಕೆಳಗಿನ ನೀರಿನ ಬಟ್ಟಲನ್ನು ನಿಮ್ಮ ಎದುರಿಗೇ ಬಿಚ್ಚಿಸಿ, ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ಗಾಳಿಯ ತೇವ ಒಳಗೆ ನೀರಾಗಿ ಇಳಿಯುತ್ತದೆ. ಡಿಇಎಫ್ (ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವ) ಹಾಕುವ ಗಾಡಿಯಾದರೆ ಹಳೆಯ ದ್ರವವನ್ನು ಬದಲಿಸಲು ಹೇಳಿ. 35 ಡಿಗ್ರಿ ಶಾಖದಲ್ಲಿ ಅದರ ಆಯುಸ್ಸು ಸುಮಾರು 6 ತಿಂಗಳು, ನಮ್ಮ ಬೇಸಿಗೆಯನ್ನು ಯಾರ್ಡ್‌ನಲ್ಲಿ ಕಳೆದದ್ದಕ್ಕೆ ಅಷ್ಟೂ ಇಲ್ಲ. ಮೊದಲ ಬ್ರೇಕಿಗೆ ಡ್ರಮ್ಮಿನಿಂದ ಕರಕರ ಸದ್ದು ಬಂದು ನಾಲ್ಕೈದು ಸಲಕ್ಕೆ ನಿಂತರೆ ತೊಂದರೆಯಿಲ್ಲ. ನಿಲ್ಲದಿದ್ದರೆ ಡ್ರಮ್ ಬಿಚ್ಚಿಸಬೇಕು. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಎಂಜಿನ್ನಿಗೆ ಇನ್ನೊಂದು ಕಷ್ಟ: ಯಾರ್ಡ್‌ನಲ್ಲಿ ಸ್ಟಾರ್ಟ್ ಮಾಡಿ ಹತ್ತು ಮೀಟರ್ ಸರಿಸಿ ಆಫ್ ಮಾಡುವುದನ್ನು ಹತ್ತಾರು ಸಲ ಮಾಡಿರುತ್ತಾರೆ, ಬಿಸಿಯಾಗದ ಎಂಜಿನ್ನಿನ ಮಸಿಯೆಲ್ಲ ಫಿಲ್ಟರಿನಲ್ಲಿ ಕೂತಿರುತ್ತದೆ. ಸ್ಕ್ಯಾನರ್ ಹಾಕಿ ಮಸಿಯ ಪ್ರಮಾಣ ನೋಡಿಸಿ, ಡೆಲಿವರಿಯ ದಿನವೇ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ.

ಎರಡು ವರ್ಷದ ಗಾಡಿಗಳ ನಡುವೆ ಏನು ಬದಲಾಗಿದೆ ಎಂಬುದು ಮುಂದಿನ ಪ್ರಶ್ನೆ. ಬಣ್ಣ, ಸೀಟಿನ ಬಟ್ಟೆ, ಮುಂಭಾಗದ ಗ್ರಿಲ್ ಇವಕ್ಕೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಎಂಜಿನ್, ಗೇರ್ ಬಾಕ್ಸ್, ಆಕ್ಸಲ್, ಬ್ರೇಕ್, ಹೊಗೆಯ ನಿಯಮ, ಹೊರುವ ತೂಕ, ಇವು ಬದಲಾಗಿದ್ದರೆ ಮಾತ್ರ ಅದು ಬೇರೆ ಗಾಡಿ. ಹೊಗೆಯ ನಿಯಮದಲ್ಲಿ ಯಾವ ದಿನಾಂಕ ಲೆಕ್ಕಕ್ಕೆ ಬರುತ್ತದೆ ಎಂಬುದು ಪ್ರತಿಸಲ ಒಂದೇ ಅಲ್ಲ. 2017ರ ಏಪ್ರಿಲ್ 1ರಿಂದ ಬಿಎಸ್3 (ಭಾರತ್ ಸ್ಟೇಜ್ ಎಂಬ ಹೊಗೆ ಮಿತಿಯ ಮೂರನೇ ಹಂತ) ಗಾಡಿ ಮಾರುವುದನ್ನೇ ಸುಪ್ರೀಂ ಕೋರ್ಟ್ ತಡೆಯಿತು. 2020ರ ಏಪ್ರಿಲ್ 1ರಂದು ಬಿಎಸ್4ಗೂ ಅದೇ ಆಯಿತು. ಎರಡು ಸಲವೂ ಯಾರ್ಡ್‌ನಲ್ಲಿ ಉಳಿದ ಗಾಡಿಗಳನ್ನು ಕೊನೆಯ ದಿನಗಳಲ್ಲಿ ದೊಡ್ಡ ರಿಯಾಯಿತಿಗೆ ಮಾರಿದರು. 2023ರ ಏಪ್ರಿಲ್‌ನಲ್ಲಿ ಬಿಎಸ್6ರ ಎರಡನೇ ಹಂತ ಬಂದಾಗ ಮಾತ್ರ ತಯಾರಿಕೆಯ ದಿನಾಂಕ ಮುಖ್ಯವಾಯಿತು, ಮೊದಲೇ ತಯಾರಾದ ಗಾಡಿಗಳು ಆಮೇಲೂ ಮಾರಾಟವಾದವು. "2020ರ ಪಿಕಪ್" ಎಂದರೆ ಇಂದು ಮಾರುಕಟ್ಟೆಯಲ್ಲಿ ಬಿಎಸ್4 ಇರಬಹುದು, ಬಿಎಸ್6 ಕೂಡ ಇರಬಹುದು, ದರವೇ ಬೇರೆ. ವರ್ಷದ ಅಂಕಿ ಒಂದೇ ಏನನ್ನೂ ಹೇಳುವುದಿಲ್ಲ.

ಎಂಜಿನ್ ಅಥವಾ ಹೊಗೆಯ ವ್ಯವಸ್ಥೆ ಹೊಸದಾಗಿ ಬಂದಿದ್ದರೆ ನಾನು ಮೊದಲ ಮೂರು-ನಾಲ್ಕು ತಿಂಗಳ ತಯಾರಿಕೆಯನ್ನು ಬಿಡುತ್ತೇನೆ. ಹಳೇ ವಿನ್ಯಾಸದ ಕೊನೆಯ ಗಾಡಿಯ ದೋಷಗಳು ಅಷ್ಟರಲ್ಲಿ ತಿದ್ದಿಕೊಂಡಿರುತ್ತವೆ, ಬಿಡಿಭಾಗ ತಾಲ್ಲೂಕಿನ ಅಂಗಡಿಯಲ್ಲೇ ಸಿಗುತ್ತದೆ, ನಮ್ಮ ಮೆಕ್ಯಾನಿಕ್ಕಿಗೆ ಕೈ ಪಳಗಿರುತ್ತದೆ. ಸುಗ್ಗಿಯಲ್ಲಿ ಒಂದು ಸೆನ್ಸರ್‌ಗಾಗಿ ಆರು ದಿನ ನಿಂತ ಗಾಡಿಯ ನಷ್ಟವನ್ನು ಯಾವ ಹೊಸ ವರ್ಷವೂ ತುಂಬಿಕೊಡುವುದಿಲ್ಲ.

ತೂಕವನ್ನು ಬ್ರೋಷರಿನಲ್ಲಿ ನೋಡಬೇಡಿ, ಆರ್‌ಸಿಗೆ ಹೋಗುವ ಅಂಕಿಯಲ್ಲಿ ನೋಡಿ. ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಲೋಡು. ಹೊಸ ವರ್ಷದ ಗಾಡಿಯ ಖಾಲಿ ತೂಕ 60 ಕೆಜಿ ಏರಿ ಒಟ್ಟು ತೂಕ ಅಷ್ಟೇ ಇದ್ದರೆ ನೀವು 60 ಕೆಜಿ ಕಳೆದುಕೊಂಡಿರಿ. ಟೊಮೆಟೊ ಕ್ರೇಟು 15 ಕೆಜಿ ಹಣ್ಣು ಸೇರಿ ಸುಮಾರು 17 ಕೆಜಿ ತೂಗುತ್ತದೆ. 1,300 ಕೆಜಿ ಗಾಡಿಗೆ 76 ಕ್ರೇಟು, 1,700ಕ್ಕೆ 100. ಮೇಲೆ ಹೇರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನಿಗೆ 2,000 ಬೇರೆ. ಎರಡು ವರ್ಷದ ನಡುವೆ ಹೊರುವ ತೂಕ ಬದಲಾಗಿದ್ದರೆ ನಾನು ಉಳಿದ ಲೆಕ್ಕವನ್ನೆಲ್ಲ ಬದಿಗಿಟ್ಟು ಅದನ್ನೇ ಹಿಡಿಯುತ್ತೇನೆ.

ಗಾಡಿ ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಹಣದ ಲೆಕ್ಕ. ಉದಾಹರಣೆಗೆ ಶೋರೂಂ ದರ 10 ಲಕ್ಷ, 2025ರ ಗಾಡಿಗೆ ರಿಯಾಯಿತಿ 40,000, ಜನವರಿಯಲ್ಲಿ ಶೇ 2 ಏರಿಕೆ ಎಂದಿಟ್ಟುಕೊಳ್ಳಿ. ಹಳೇದರ ಲಾಭ ಒಟ್ಟು 60,000. ನಷ್ಟ ಯಾವುದು? ಮಾರುವಾಗ ಒಂದು ವರ್ಷ ಹಳೆಯದೆಂದು ಕಡಿಮೆ ಸಿಗುವ ಹಣ. ಅದನ್ನು ತಿಳಿಯಲು ಸೆಕೆಂಡ್ ಹ್ಯಾಂಡ್ ಬ್ರೋಕರ್ ಬಳಿ ಅದೇ ಮಾಡೆಲ್ಲಿನ ಐದು ವರ್ಷದ್ದಕ್ಕೂ ಆರು ವರ್ಷದ್ದಕ್ಕೂ ದರ ಕೇಳಿ. ವ್ಯತ್ಯಾಸ 50,000 ಎಂದುಕೊಳ್ಳಿ. ಆ 50,000 ಐದು ವರ್ಷದ ಮೇಲಿನದು. ಸಾಲದ ಬಡ್ಡಿ ಶೇ 10 ಹಿಡಿದು ಇಂದಿನ ಬೆಲೆಗೆ ಇಳಿಸಲು 1.61ರಿಂದ (1.1 ಅನ್ನು ವರ್ಷಕ್ಕೊಂದರಂತೆ ಐದು ಸಲ ಗುಣಿಸಿದ್ದು) ಭಾಗಿಸಿದರೆ ಸುಮಾರು 31,000. ಬ್ಯಾಟರಿ, ಡಿಇಎಫ್, ಸಣ್ಣಪುಟ್ಟದ್ದಕ್ಕೆ 3,000 ಸೇರಿಸಿ. 2025ರ ಗಾಡಿಯೇ 26,000 ಲಾಭ.

ಅದೇ ಗಾಡಿಯನ್ನು ಮೂರು ವರ್ಷಕ್ಕೆ ಮಾರುವುದಾದರೆ ವ್ಯತ್ಯಾಸ 80,000ದವರೆಗೆ ಹೋಗಬಹುದು. 1.33ರಿಂದ ಭಾಗಿಸಿದರೆ 60,000. ಸಣ್ಣ ಖರ್ಚು ಸೇರಿದರೆ 63,000. ಲಾಭಕ್ಕಿಂತ ನಷ್ಟವೇ ತುಸು ಹೆಚ್ಚು, 2026ರದ್ದನ್ನೇ ಕಾಯಬಹುದು. ಒಂಬತ್ತು ವರ್ಷ ಓಡಿಸುವವರಿಗೆ ಆ ಹೊತ್ತಿಗೆ ವ್ಯತ್ಯಾಸ 25,000ಕ್ಕೆ ಇಳಿದಿದ್ದರೆ ಇಂದಿನ ಬೆಲೆ 10,600 ಅಷ್ಟೇ. ಅಂಥವರು ಹಳೇ ವರ್ಷದ್ದನ್ನು ಬಿಟ್ಟರೆ ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಾರೆ. ನಿಮ್ಮ ಊರಿನ ದರ ಹಾಕಿ ಲೆಕ್ಕವನ್ನು ಮತ್ತೆ ಮಾಡಿ. ಕಾಯುವ ಮೂರು ವಾರದಲ್ಲಿ ತಪ್ಪುವ ಬಾಡಿಗೆಯನ್ನು ಸೇರಿಸಲು ಮರೆಯಬೇಡಿ, ಸುಗ್ಗಿಯಾದರೆ ಅದೊಂದೇ ಲೆಕ್ಕವನ್ನು ತಿರುಗಿಸಿಬಿಡುತ್ತದೆ.

ತೆರಿಗೆಯ ವಿಷಯದಲ್ಲಿ ಡಿಸೆಂಬರ್-ಜನವರಿಗೆ ವ್ಯತ್ಯಾಸವಿಲ್ಲ. ಬಾಡಿಗೆಗೆ ಓಡಿಸುವ ಸರಕು ಗಾಡಿಗೆ ಆದಾಯ ತೆರಿಗೆಯಲ್ಲಿ ಶೇ 30 ಸವಕಳಿ ಸಿಗುತ್ತದೆ, ಆದರೆ ಆ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿಸಿದ್ದರೆ ಅರ್ಧ. ಡಿಸೆಂಬರ್‌ನಲ್ಲಿ ಕೊಂಡರೂ ಜನವರಿಯಲ್ಲಿ ಕೊಂಡರೂ ಅರ್ಧವೇ. ಪೂರ್ತಿ ಬೇಕಿದ್ದರೆ ಅಕ್ಟೋಬರ್ ಮೊದಲ ದಿನಗಳೊಳಗೆ ಗಾಡಿ ರಸ್ತೆಗಿಳಿಯಬೇಕಿತ್ತು. ಜಿಎಸ್‌ಟಿಗೂ ತಯಾರಿಕೆಯ ವರ್ಷ ಬೇಕಿಲ್ಲ, ಇನ್‌ವಾಯ್ಸ್ ದಿನಾಂಕ ಬೇಕು. 2025ರ ಸೆಪ್ಟೆಂಬರ್ 22ರಂದು ಸರಕು ಗಾಡಿಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದಾಗ ಮೊದಲೇ ತಯಾರಾಗಿ ನಿಂತಿದ್ದವಕ್ಕೂ 18ರ ದರವೇ ಬಂತು. ಮೂಲಬೆಲೆ 7,81,250 ಆದರೆ 10 ಲಕ್ಷ ಇದ್ದದ್ದು 9,21,875. ವಾರಂಟಿಯೂ ಸಾಮಾನ್ಯವಾಗಿ ಮಾರಾಟದ ದಿನದಿಂದ, ಮೊದಲ ಎಫ್‌ಸಿಯ (ಫಿಟ್‌ನೆಸ್ ಸರ್ಟಿಫಿಕೇಟ್) ಎರಡು ವರ್ಷ ನೋಂದಣಿಯಿಂದ. ಇನ್ಶೂರೆನ್ಸಿನಲ್ಲಿ ಮಾತ್ರ ಎಚ್ಚರ. ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟುವ ಬೆಲೆ) ಲೆಕ್ಕದಲ್ಲಿ ಆರು ತಿಂಗಳೊಳಗೆ ಶೇ 5, ಆರು ತಿಂಗಳಿಂದ ವರ್ಷದವರೆಗೆ 15, ಎರಡನೇ ವರ್ಷ 20 ಕಳೆಯುತ್ತಾರೆ. ವಯಸ್ಸನ್ನು ಯಾವ ದಿನಾಂಕದಿಂದ ಎಣಿಸಿದ್ದಾರೆ ಎಂದು ಪಾಲಿಸಿ ಬರೆಯುವ ಮುಂಚೆ ಕೇಳಿ. ಹೊಸ ಗಾಡಿಗೆ ಶೋರೂಂ ದರದ ಶೇ 95 ಇರಬೇಕು.

ರಿಯಾಯಿತಿಯನ್ನು ಇನ್‌ವಾಯ್ಸಿನಲ್ಲೇ ಇಳಿಸಿಕೊಳ್ಳಿ. ಟಾರ್ಪಾಲು, ಮ್ಯೂಸಿಕ್ ಸಿಸ್ಟಂ ಎಂದು ಲೆಕ್ಕ ಹೇಳಿದರೆ ಅವುಗಳ ಹೊರಗಿನ ದರ ಕೇಳಿ ಕಳೆಯಿರಿ. ಬುಕಿಂಗ್ ಡಿಸೆಂಬರ್‌ನಲ್ಲಾದರೂ ಬಿಲ್ ಜನವರಿಯಲ್ಲಾದರೆ ಸಾಮಾನ್ಯವಾಗಿ ಜನವರಿ ದರವೇ ಬೀಳುತ್ತದೆ. ದರ ಹಿಡಿದಿಟ್ಟಿದ್ದೇವೆ ಎಂದರೆ ಬರೆಸಿಕೊಳ್ಳಿ.

ನಮ್ಮಲ್ಲಿ ಧನುರ್ಮಾಸ ಇದರ ನಡುವೆಯೇ ಬರುತ್ತದೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಅನೇಕರು ಹೊಸ ಗಾಡಿ ಮನೆಗೆ ತರುವುದಿಲ್ಲ. ಮಾರಾಟ ತಣ್ಣಗಾಗುವ ಆ ದಿನಗಳಲ್ಲಿ ಚೌಕಾಸಿಗೆ ಜಾಗ ಹೆಚ್ಚು. ಮಾಸವನ್ನು ಪಾಲಿಸುವವರು ಡಿಸೆಂಬರ್‌ನಲ್ಲಿ ಬಿಲ್ ಮಾಡಿಸಿ ಸಂಕ್ರಾಂತಿ ಕಳೆದು ಗಾಡಿ ತರಬಹುದು. ಆದರೆ ಇನ್ಶೂರೆನ್ಸ್ ಮತ್ತು ಕಂತು ಆಗಲೇ ಶುರುವಾಗಿರುತ್ತವೆ. 8 ಲಕ್ಷ ಸಾಲಕ್ಕೆ ಶೇ 10ರಂತೆ ತಿಂಗಳ ಬಡ್ಡಿಯೇ 6,667 ರೂಪಾಯಿ. ಅಷ್ಟನ್ನು ಮೇಲಿನ ಲೆಕ್ಕದಲ್ಲಿ ಕಳೆಯಿರಿ. ಈ ಒಂದು ತಿಂಗಳು ಗಾಡಿ ಎಲ್ಲಿ ನಿಲ್ಲುತ್ತದೆ, ನೆರಳಿದೆಯೇ, ಬ್ಯಾಟರಿಯ ನೆಗೆಟಿವ್ ಬಿಚ್ಚಿಡುತ್ತಾರೆಯೇ ಎಂದೂ ಕೇಳಿ.

ಆರ್‌ಸಿ ಕೈಗೆ ಬಂದ ದಿನ ಚಾಸಿಸ್ ಮೇಲೆ ಕೊರೆದ ನಂಬರ್, ಫಾರಂ 21 ಮತ್ತು ಆರ್‌ಸಿ, ಮೂರನ್ನೂ ಅಕ್ಷರ ಅಕ್ಷರ ತಾಳೆ ಮಾಡಿ. ತಯಾರಿಕೆಯ ತಿಂಗಳು, ಒಟ್ಟು ತೂಕ, ಖಾಲಿ ತೂಕ ಬೇರೆಯಾಗಿದ್ದರೆ ಅದೇ ವಾರ ಶೋರೂಂನಿಂದ ತಿದ್ದುಪಡಿಗೆ ಕಾಗದ ಹಾಕಿಸಿ. ಐದು ವರ್ಷ ಕಳೆದು ಮಾರುವಾಗ ಇದು ಹೊರಬಿದ್ದರೆ ಕೊಳ್ಳುವವನು ಕಾಯುವುದಿಲ್ಲ.