ಕೋಡಿಬಾಗದ ಮನೆಯಲ್ಲಿ ಮೀನಿಲ್ಲದ ಹವಳದ ತೊಟ್ಟಿ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಬಾಡಿಗೆ ಮನೆ. ಹತ್ತು ನಿಮಿಷ ನಡೆದರೆ ಸಮುದ್ರ. ಆದರೂ ಜೀವಂತ ಹವಳ ಸಾಕುವ ನನ್ನ ಅಕ್ವೇರಿಯಂ ತೊಟ್ಟಿಗೆ ಬೇಕಾದ ಉಪ್ಪು ಬೆಂಗಳೂರಿನಿಂದ ಪಾರ್ಸೆಲ್ ಬರುತ್ತದೆ. ಪಕ್ಕದ ಮನೆಯ ಅಣ್ಣನಿಗೆ ಇದು ಇವತ್ತಿಗೂ ತಮಾಷೆ. "ಅಲ್ಲ ಮಾರಾಯ್ರೆ, ಸಮುದ್ರದ ಬುಡದಲ್ಲಿ ಕೂತು ಉಪ್ಪುನೀರಿಗೆ ದುಡ್ಡು ಕೊಡ್ತೀರಲ್ಲ!"

ಶುರುವಿನಲ್ಲಿ ನಾನೂ ಅವರ ಹಾಗೇ ಯೋಚಿಸಿದ್ದೆ. ಡಿಸೆಂಬರಿನಲ್ಲಿ ಟಾಗೋರ್ ಕಡಲತೀರದಿಂದ ಎರಡು ಕ್ಯಾನು ನೀರು ಹೊತ್ತು ತಂದೆ. ಬಟ್ಟೆಯಲ್ಲಿ ಸೋಸಿ, ರಿಫ್ರಾಕ್ಟೋಮೀಟರಿನಲ್ಲಿ ನೋಡಿದರೆ ಉಪ್ಪಿನಂಶ ಸಾವಿರಕ್ಕೆ 34. ಹವಳಕ್ಕೆ ಬೇಕಾದದ್ದು 35. ಇಷ್ಟೇನಾ ಅನ್ನಿಸಿತು. ಜುಲೈಯಲ್ಲಿ ಮತ್ತೆ ಹೋದಾಗ ಅದೇ ಜಾಗದ ನೀರು ಕೆಂಪಗಿತ್ತು. ಘಟ್ಟದ ಮೇಲೆ ಮಳೆ ಸುರಿದು, ಕದ್ರಾ ಅಣೆಕಟ್ಟಿನ ಗೇಟು ತೆಗೆದು, ಕಾಳಿ ನದಿ ತುಂಬಿ ಬಂದಿತ್ತು. ಮೀಟರು ತೋರಿಸಿದ್ದು 14. ಬೈತಖೋಲ್ ಬಂದರಿನ ಕಡೆ ಹೋದರೆ ನೀರಿನ ಮೇಲೆ ಡೀಸೆಲ್ಲಿನ ಬಣ್ಣ. ಹವಳಕ್ಕೆ ನಿನ್ನೆ ಇದ್ದ ನೀರೇ ಇವತ್ತೂ ಬೇಕು. ನಮ್ಮ ದಂಡೆ ಅದನ್ನು ಕೊಡುವುದಿಲ್ಲ.

"ಹಾಗಾದ್ರೆ ಸಾಣಿಕಟ್ಟೆ ಉಪ್ಪು ಕರಗಿಸಿ" ಅಂದರು ಅಣ್ಣ. ಒಳ್ಳೆಯ ಪ್ರಶ್ನೆ ಅದು. ಸಾಣಿಕಟ್ಟೆಯ ಉಪ್ಪಿನ ಗದ್ದೆಯಲ್ಲಿ ಸಮುದ್ರದ ನೀರು ಬತ್ತುವಾಗ ಎಲ್ಲವೂ ಒಟ್ಟಿಗೆ ಹರಳಾಗುವುದಿಲ್ಲ. ಮೊದಲು ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ಆಮೇಲೆ ಜಿಪ್ಸಮ್, ಆಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಷಿಯಂ ಬಹುಪಾಲು ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಇರುತ್ತದೆ. ಹಾಗಾಗಿ ಆ ಉಪ್ಪನ್ನು ಮತ್ತೆ ಕರಗಿಸಿದರೆ ಸಮುದ್ರ ವಾಪಸ್ಸು ಬರುವುದಿಲ್ಲ. ಹವಳದ ತೊಟ್ಟಿಯ ಲೀಟರ್ ನೀರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, 1300 ಮಿಲಿಗ್ರಾಂ ಮೆಗ್ನೀಷಿಯಂ ಇರಬೇಕು. ಅಕ್ವೇರಿಯಂ ಉಪ್ಪಿನಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ ಸೇರಿಸಿರುತ್ತಾರೆ. ಸಾಣಿಕಟ್ಟೆ ಉಪ್ಪು ನಮ್ಮ ಮನೆಯಲ್ಲಿ ಅಪ್ಪೆಮಿಡಿಗೆ.

ತೊಟ್ಟಿ ಚಿಕ್ಕದು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಲ್ಲು, ಮರಳು ಕಳೆದರೆ 36 ಲೀಟರ್ ನೀರು. ನೀರು ಆಡಿಸುವ ಒಂದು ಪುಟ್ಟ ಮೋಟಾರು, ಒಂದು ನೀಲಿ-ಬಿಳಿ ಎಲ್‌ಇಡಿ, ಹಿಂದೆ ಒಂದು ಸಣ್ಣ ಫಿಲ್ಟರ್. ಸಾಮಾನಿನ ಕತೆ ಇಷ್ಟೇ.

ಹವಳ ಎಲ್ಲಿಂದ ಅಂತ ಎಲ್ಲರೂ ಕೇಳುತ್ತಾರೆ. ಮುರುಡೇಶ್ವರದಿಂದ ದೋಣಿ ಹತ್ತಿದರೆ ನೇತ್ರಾಣಿಯ ಸುತ್ತ ಜೀವಂತ ಹವಳ ಇದೆ, ಅಲ್ವಾ? ಇದೆ. ಮುಟ್ಟುವ ಹಾಗಿಲ್ಲ. ಕಲ್ಲು ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಗಟ್ಟಿ ಹವಳದ ಆಸೆ ಬಿಟ್ಟೆ. ಬೆಂಗಳೂರಿನ ಗೆಳೆಯನೊಬ್ಬ ತನ್ನ ತೊಟ್ಟಿಯಲ್ಲೇ ಬೆಳೆಸಿದ ಜೋವಾಂಥಿಡ್ ಮತ್ತು ಮಶ್ರೂಮ್ ಎಂಬ ಮೆತ್ತನೆಯ ಹವಳಗಳ ತುಂಡುಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಹಾಕಿದ. ಇವು ಕಲ್ಲು ಕಟ್ಟುವುದಿಲ್ಲ. ನೋಡಲು ಬಟನ್ ಹೂವಿನ ಹಾಗೆ.

ಜೋವಾಂಥಿಡ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಕೈಗೆ ಗಾಯ ಇದ್ದಾಗ ಮುಟ್ಟಬೇಡಿ. ಗ್ಲೌಸ್, ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಅದು ಅಂಟಿದ ಕಲ್ಲನ್ನು ಸ್ವಚ್ಛ ಮಾಡುತ್ತೇನೆ ಅಂತ ಕುದಿಸಲೇಬೇಡಿ, ಆ ಹಬೆ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸೀತು.

ಹವಳ ಬರುವ ಮೊದಲು ಐದು ವಾರ ತೊಟ್ಟಿ ಖಾಲಿ ಓಡಬೇಕಾಯಿತು. ನೀರಿನಲ್ಲಿ ಏನಾದರೂ ಕೊಳೆತು ಅಮೋನಿಯಾ ಆಗಬೇಕು. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಸಬೇಕು. ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗಬೇಕು. ಮೊದಲ ಎರಡೂ ಸೊನ್ನೆಗೆ ಇಳಿಯುವವರೆಗೆ ಜೀವ ಬಿಡಬಾರದು. ಕೊಳೆಯಲು ಒಂದು ಸಿಗಡಿ ಸಾಕು. ನಮ್ಮದು ಮೀನು ತಿನ್ನದ ಮನೆ. ಕೊನೆಗೆ ಪಕ್ಕದ ಮನೆಯ ಅಣ್ಣನೇ ಒಂದು ಸಿಗಡಿಯನ್ನು ಪೇಪರಿನಲ್ಲಿ ಸುತ್ತಿ, ಕಳ್ಳಮಾಲಿನಂತೆ ಹಿತ್ತಲಿನಿಂದ ಕೊಟ್ಟರು.

ಮೀನು ಬಿಡಲಿಲ್ಲ ಯಾಕೆಂದರೆ ಇಲ್ಲಿಯ ಮಳೆಗಾಲ. ಜೂನ್ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೋ, ಯಾವಾಗ ಬರುತ್ತದೋ. ಮೋಟಾರು ನಿಂತರೆ ಮೊದಲು ಉಸಿರುಗಟ್ಟುವುದು ಮೀನಿಗೆ. ಹವಳ, ಬಸವನಹುಳ ಮಾತ್ರ ಇದ್ದರೆ ಬ್ಯಾಟರಿಯ ಗಾಳಿ ಪಂಪಿನಲ್ಲಿ ರಾತ್ರಿ ಕಳೆಯುತ್ತದೆ. ಹವಳಕ್ಕೆ ಊಟದ ಚಿಂತೆಯೂ ಕಡಿಮೆ. ಅದರ ಮೈಯೊಳಗೇ ಸೂಕ್ಷ್ಮ ಪಾಚಿ ಇದೆ, ಬೆಳಕಿನಿಂದ ಅಡುಗೆ ಮಾಡಿ ಬಡಿಸುತ್ತದೆ.

ಆದರೆ ಮೀನಿಲ್ಲದ್ದಕ್ಕೂ ಒಂದು ತೊಂದರೆ ಇತ್ತು. ನಾಲ್ಕನೇ ತಿಂಗಳಲ್ಲಿ ಜೋವಾಂಥಿಡ್‌ಗಳ ಬಣ್ಣ ಪೇಲವವಾಯಿತು. ನೀರು ಪರೀಕ್ಷಿಸಿದರೆ ನೈಟ್ರೇಟ್ ಸೊನ್ನೆ. ನೀರು ಅತಿ ಶುದ್ಧ! ಮೀನಿದ್ದರೆ ಅದರ ಹೊಲಸೇ ಇವಕ್ಕೆ ಗೊಬ್ಬರ. ಅಡಿಕೆ ತೋಟಕ್ಕೆ ಗೊಬ್ಬರ ಹಾಕದೆ ಬರೀ ನೀರು ಬಿಟ್ಟ ಹಾಗಾಗಿತ್ತು. ಈಗ ವಾರಕ್ಕೆರಡು ಸಲ ಚಿಟಿಕೆಯಷ್ಟು ಮೀನಿನ ಆಹಾರವನ್ನು ಮೀನಿಲ್ಲದ ತೊಟ್ಟಿಗೆ ಹಾಕುತ್ತೇನೆ. ನೈಟ್ರೇಟ್ ಲೀಟರಿಗೆ 5 ಮಿಲಿಗ್ರಾಂ ಆಸುಪಾಸಿನಲ್ಲಿ ಇರುತ್ತದೆ. ಬಣ್ಣ ವಾಪಸ್ಸು ಬಂತು.

ಏಪ್ರಿಲ್‌ನ ಸೆಕೆ ಬೇರೆ ಪರೀಕ್ಷೆ. ಮಧ್ಯಾಹ್ನ ತೊಟ್ಟಿ 31 ಡಿಗ್ರಿ ಮುಟ್ಟಿದ ದಿನ ಮಶ್ರೂಮ್‌ಗಳು ಒಣದ್ರಾಕ್ಷಿಯಂತೆ ಮುದುಡಿದವು. ನೀರು ತಂಪು ಮಾಡುವ ಚಿಲ್ಲರ್ ಯಂತ್ರಕ್ಕೆ ದುಡ್ಡಿಲ್ಲ. ತೊಟ್ಟಿಯನ್ನು ಪಡುವಣ ಗೋಡೆಯಿಂದ ಒಳಕೋಣೆಗೆ ಸಾಗಿಸಿದೆ. ನೀರಿನ ಮೇಲೆ ಬೀಸುವಂತೆ ಒಂದು ಸಣ್ಣ ಫ್ಯಾನ್ ಇಟ್ಟೆ. ಲೈಟನ್ನು ಸಂಜೆ 4ರಿಂದ ರಾತ್ರಿ 11ರವರೆಗೆ ಮಾತ್ರ ಉರಿಸಿದೆ, ಮಧ್ಯಾಹ್ನದ ಬಿಸಿಗೆ ಅದರ ಬಿಸಿ ಸೇರಬಾರದೆಂದು. ಎರಡು ಡಿಗ್ರಿ ಇಳಿಯಿತು. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ, ಫ್ಯಾನಿನಿಂದ ಅದಕ್ಕಿಂತ ಹೆಚ್ಚು ಸಿಗಲಿಲ್ಲ. ಆದರೆ ಫ್ಯಾನ್ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮೂರು ದಿನ ಬಿಟ್ಟರೆ 35 ಇದ್ದದ್ದು 38. ಅದಕ್ಕೇ ದಿನವೂ ಆರ್‌ಓ ನೀರು, ಉಪ್ಪಿಲ್ಲದ ಸಿಹಿನೀರು, ಗೆರೆಯವರೆಗೆ ತುಂಬಬೇಕು.

ದೊಡ್ಡ ಪೆಟ್ಟು ಬಿದ್ದದ್ದು ಈ ಸಿಹಿನೀರಿನಲ್ಲೇ. ಆಫೀಸ್ ಕೆಲಸಕ್ಕೆ ಆರು ದಿನ ಬೆಂಗಳೂರಿಗೆ ಹೋಗಬೇಕಾಯಿತು. ಶಿರಸಿ ಕಡೆಯ ಊರಿಂದ ಆಯಿ ಬಂದಿದ್ದಳು. ದಿನಕ್ಕೊಂದು ತಂಬಿಗೆ ನೀರು ಹಾಕು ಅಂದಿದ್ದೆ. ಯಾವ ನೀರು ಅಂತ ಹೇಳಿರಲಿಲ್ಲ. ವಾಪಸ್ಸು ಬಂದಾಗ ಜೋವಾಂಥಿಡ್‌ಗಳು ಒಂದೂ ಅರಳಿಲ್ಲ. ಏಳು ಬಸವನಹುಳಗಳಲ್ಲಿ ಐದು ಮರಳಿನ ಮೇಲೆ ಅಡ್ಡ ಬಿದ್ದಿದ್ದವು. ಆಯಿ ಬಾವಿಯ ನೀರನ್ನು ತಾಮ್ರದ ಕೊಡಪಾನದಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಹಾಕಿದ್ದಳು. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ ಕೊಡಪಾನ. "ತಮಾ, ತಾಮ್ರದ ನೀರು ಮೈಗೆ ಒಳ್ಳೇದು ಅಲ್ದಾ? ಅದಕ್ಕೂ ಒಳ್ಳೇದಾಗ್ಲಿ ಅಂತ ಹಾಕಿದ್ದೆ."

ಬಯ್ಯುವುದು ಯಾರನ್ನು? ಮನುಷ್ಯರಿಗೆ ತೊಂದರೆ ಮಾಡದಷ್ಟು ತಾಮ್ರವೂ ಬಸವನಹುಳ, ಸಿಗಡಿ, ಹವಳಗಳಿಗೆ ವಿಷ. ನಮ್ಮ ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿ ನೀರು ಸ್ವಲ್ಪ ಹುಳಿ, ಅದು ತಾಮ್ರವನ್ನು ಬೇಗ ಕರಗಿಸುತ್ತದೆ. ಒಂದು ವಾರದಲ್ಲಿ ಮೂರು ಸಲ ಮೂರನೇ ಒಂದು ಭಾಗ ನೀರು ಬದಲಿಸಿದೆ, ಫಿಲ್ಟರಿನಲ್ಲಿ ಹೊಸ ಇದ್ದಿಲು ತುಂಬಿದೆ. ಹನ್ನೆರಡನೇ ದಿನ ಮೊದಲ ಜೋವಾಂಥಿಡ್ ಅರ್ಧ ಕಣ್ಣು ತೆರೆಯಿತು. ಆಯಿಯೇ ಮೊದಲು ನೋಡಿ ಕೂಗಿದ್ದು. ಹಾಂ, ಆರ್‌ಓ ಯಂತ್ರ ಕೊಳ್ಳುವವರು ನೋಡಿಕೊಳ್ಳಿ, ಈಗ ಕೆಲವು ಯಂತ್ರಗಳಲ್ಲಿ ಆರೋಗ್ಯಕ್ಕೆಂದು ತಾಮ್ರ ಸೇರಿಸುವ ಭಾಗವೇ ಇರುತ್ತದೆ. ಅದು ತೊಟ್ಟಿಗೆ ಬೇಡ.

ಎಂಟು ಹೂವಿನಷ್ಟಿದ್ದ ಜೋವಾಂಥಿಡ್ ತುಂಡು ಈಗ ಕಲ್ಲಿನ ಒಂದು ಬದಿಯನ್ನೇ ಮುಚ್ಚಿದೆ. ಪಕ್ಕದ ಮನೆಯ ಅಣ್ಣ ವಾರಕ್ಕೊಮ್ಮೆ ಬಂದು ಬಗ್ಗಿ ನೋಡಿ, "ಎಲ್ಲ ಸರಿ, ಮೀನೆಲ್ಲಿ?" ಅಂತ ಕೇಳಿ ಹೋಗುತ್ತಾರೆ. ತೊಟ್ಟಿಯ ಪಕ್ಕದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ಇದೆ. ಅದರ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ: ಆಯಿ, ಇದೇ ನೀರು.